ಲೆನ್ಸಿನೊಳಗೆ ಒಂದು ಚುಕ್ಕೆ

ಮೂವತ್ತೊಂದು ವರ್ಷ ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಿದವನು ನಾನು. ಹುಟ್ಟುಕುರುಡನಿಗೆ ಹೇಳಿ ಮಾಡಿಸಿದಂಥ ಕೆಲಸ. ನಾನೂರು ಚಿಲ್ಲರೆ ಲೈನುಗಳು ಬೆರಳ ತುದಿಯಲ್ಲಿದ್ದವು, ಜನರೆಲ್ಲ ಕಿವಿಯಲ್ಲಿದ್ದರು. “ಹಲೋ” ಎನ್ನುವಷ್ಟರಲ್ಲಿ ಆ ಡಾಕ್ಟರಿಗೆ ಹಸಿವಾಗಿದೆಯೋ, ಮನೆಯಲ್ಲಿ ಜಗಳವಾಗಿದೆಯೋ ಹೇಳಿಬಿಡುತ್ತಿದ್ದೆ. “ಮೀಟಿಂಗಲ್ಲಿದೀನಿ ಅಂತ ಹೇಳ್ಬಿಡಿ” ಎಂದವರಲ್ಲಿ ಯಾರು ನಿಜವಾಗಿ ಮೀಟಿಂಗಿನಲ್ಲಿದ್ದಾರೆ, ಯಾರು ಕ್ಯಾಂಟೀನಿನಲ್ಲಿ ಕಾಲು ಚಾಚಿ ಕೂತಿದ್ದಾರೆ ಎನ್ನುವುದೂ ತಿಳಿಯುತ್ತಿತ್ತು. ಸುಳ್ಳು ಹೇಳುವವರ ಮಾತು ಹೊರಡುವ ಮುಂಚೆ ಒಂದು ಕ್ಷಣ ತಡವರಿಸುತ್ತದೆ. ಅಷ್ಟು ಸಾಕು ನನಗೆ. ಈ ಕಿವಿಯ ಬಗ್ಗೆ ನನಗಿದ್ದ ಜಂಬ ಅಷ್ಟಿಷ್ಟಲ್ಲ.

ನಿವೃತ್ತನಾಗಿ ಆರು ವರ್ಷವಾಯಿತು. ಅಷ್ಟು ಫೋನುಗಳ ನಡುವೆ ಬದುಕಿದವನ ಮನೆಯ ಫೋನು ಈಗ ವಾರಕ್ಕೊಮ್ಮೆ ಹೊಡೆದುಕೊಳ್ಳುತ್ತದೆ. ಭಾನುವಾರ ಬೆಳಗ್ಗೆ ತಂಗಿ ಮಾಡುತ್ತಾಳೆ. “ಅಣ್ಣಾ, ಗ್ಯಾಸ್ ಆಫ್ ಮಾಡ್ತಿದೀಯ ತಾನೆ? ಮಾತ್ರೆ ತಗೊಂಡ್ಯಾ? ಇವರೂ ನಿನ್ನ ಕೇಳ್ತಿದ್ರು.” ಅವಳ ಗಂಡ ನನ್ನನ್ನು ಯಾವತ್ತೂ ಕೇಳಿಲ್ಲ ಎನ್ನುವುದು ನನಗೆ ಗೊತ್ತು, ನನಗೆ ಗೊತ್ತು ಎನ್ನುವುದು ಅವಳಿಗೂ ಗೊತ್ತು. “ನಾನೂ ಕೇಳಿದೆ ಅಂತ ಹೇಳಮ್ಮ” ಅನ್ನುತ್ತೇನೆ. ನಾಲ್ಕು ನಿಮಿಷಕ್ಕೆ ಮಾತು ಮುಗಿಯುತ್ತದೆ.

ಉಳಿದ ಹೊತ್ತಿಗೆಲ್ಲ ಸಿ.ಡಿ. ಪ್ಲೇಯರ್. ಅಂಧರ ಗ್ರಂಥಾಲಯದವರು ಪುಸ್ತಕಗಳನ್ನು ಓದಿಸಿ, ಸಿ.ಡಿ.ಗೆ ಹಾಕಿ ಅಂಚೆಯಲ್ಲಿ ಕಳಿಸುತ್ತಾರೆ. ಕೇಳಿ ವಾಪಸ್ಸು ಕಳಿಸಿದರೆ ಇನ್ನೊಂದು ಬರುತ್ತದೆ. ಬೆಳಗ್ಗೆ ಒಂದು ಅಧ್ಯಾಯ, ಊಟವಾದ ಮೇಲೆ ಎರಡು, ಸಂಜೆ ಮನಸ್ಸು ಬಂದಷ್ಟು. ಪುಸ್ತಕ ಚೆನ್ನಾಗಿರಲೇಬೇಕು ಎನ್ನುವ ಹಟವೂ ನನಗಿಲ್ಲ. ಜೇನು ಸಾಕಣೆಯ ಬಗ್ಗೆ ಹನ್ನೊಂದು ಗಂಟೆ ಕೇಳಿದ್ದೇನೆ, ಜೇನು ನನ್ನ ಏಳು ತಲೆಮಾರಿಗೂ ಸಂಬಂಧವಿಲ್ಲದ ವಿಷಯ. ಮನೆಯಲ್ಲಿ ಒಂದು ದನಿ ಇರಬೇಕಷ್ಟೆ.

ಒಂದು ಮಂಗಳವಾರ ಆ ದನಿ ನಿಂತಿತು.

ಯಂತ್ರ ಕೆಟ್ಟರೆ ಕಣ್ಣಿದ್ದವರು ಮೊದಲು ಅದನ್ನು ಬಡಿಯುತ್ತಾರೆ. ನಾನು ಸುಮ್ಮನೆ ಪಕ್ಕದಲ್ಲಿ ಕೂತು ಕಿವಿಗೊಟ್ಟೆ. ಟ್ರೇ ಒಳಗೆ ಹೋಯಿತು. ಲೆನ್ಸ್ ಹೊತ್ತ ಪುಟ್ಟ ಗಾಡಿ ತನ್ನ ಹಳಿಯ ಮೇಲೆ ಕ್ರ್‌ರ್ ಎಂದು ಒಳಬದಿಗೆ ಸರಿಯಿತು. ಆಮೇಲೆ ಲೆನ್ಸ್ ಮೇಲೆ ಕೆಳಗೆ ಆಡುವ ಸದ್ದು: ಟಿಕ್, ಟಿಕ್, ಟಿಕ್. ಎಲ್ಲ ಸರಿಯಿದ್ದರೆ ಎರಡನೆಯ ಟಿಕ್ಕಿಗೇ ಡಿಸ್ಕ್ ಸುಯ್ಯೆಂದು ತಿರುಗತೊಡಗಬೇಕು. ತಿರುಗಲಿಲ್ಲ. ಮೂರು ಸಲ ಟಿಕ್ ಎಂದು ತೆಪ್ಪಗಾಯಿತು. ಡಿಸ್ಕ್ ಬದಲಿಸಿದೆ, ಅದೇ ಕಥೆ. ಮೇಲಿನ ಮುಚ್ಚಳ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಲೆನ್ಸನ್ನು ಮಗುವಿನ ಕಣ್ಣು ಒರೆಸುವ ಹಾಗೆ ಒರೆಸಿದೆ. ಆದರೂ ಅದೇ.

ಬಿಡಿಭಾಗದ ಅಂಗಡಿಯವನಿಗೆ ಫೋನು ಮಾಡಿದೆ. ಇಪ್ಪತ್ತು ವರ್ಷದ ಸ್ನೇಹ. ಸಿ.ಡಿ. ಓದುವುದು ಹೇಗೆಂದು ನನಗೆ ತಿಳಿಸಿಕೊಟ್ಟವನೇ ಅವನು. ಡಿಸ್ಕಿನ ಮೇಲೆ ಕೂದಲಿಗಿಂತ ಸಣ್ಣ ಗುರುತುಗಳು ಸುರುಳಿಯಾಗಿ ಇರುತ್ತವಂತೆ. ಕೆಳಗಿನಿಂದ ಲೇಸರ್ ಬೆಳಕು ಬಿಡುತ್ತದೆ, ಗುರುತಿದ್ದ ಕಡೆ ಅದು ಸರಿಯಾಗಿ ಹಿಂದಿರುಗುವುದಿಲ್ಲ, ಇಲ್ಲದ ಕಡೆ ಹಿಂದಿರುಗುತ್ತದೆ. ಬೆಳಕು ಎನ್ನುವುದು ನನಗೆ ಬರೀ ಕೇಳಿ ಗೊತ್ತಿರುವ ಪದಾರ್ಥ. ಆದರೂ ಇದು ತಕ್ಷಣ ತಲೆಗೆ ಹತ್ತಿತ್ತು, ಯಾಕೆಂದರೆ ನಾನು ಬ್ರೈಲ್ ಓದುವುದೂ ಹಾಗೆಯೇ: ಬೆರಳಿಗೆ ಚುಕ್ಕೆ ಸಿಕ್ಕರೆ ಒಂದು ಅರ್ಥ, ಸಿಗದಿದ್ದರೆ ಇನ್ನೊಂದು. ಲೇಸರ್ ಎಂದರೆ ಮುಟ್ಟದೆ ಓದುವ ಬೆರಳು, ಅಷ್ಟೆ. ಆ ಟಿಕ್ ಟಿಕ್ ಸದ್ದು ಬೆರಳು ಹಾಳೆಯನ್ನು ಹುಡುಕಿ ತಡಕಾಡುವ ಸದ್ದು.

“ಅದು ಬೆಳಕು ಬಿಟ್ಟು, ವಾಪಸ್ ಬರುತ್ತಾ ಅಂತ ಕಾಯುತ್ತೆ ಆಪರೇಟರೇ. ಬರ್ಲಿಲ್ಲ ಅಂದ್ರೆ ಡಿಸ್ಕೇ ಇಲ್ಲ ಅಂದ್ಕೊಂಡು ಸುಮ್ಮನಾಗುತ್ತೆ,” ಎಂದ ಅಂಗಡಿಯವನು. “ಒಂದೋ ಲೇಸರ್ ಸತ್ತಿದೆ, ಇಲ್ಲಾ ದಾರೀಲಿ ಎಲ್ಲೋ ಕೊಳೆ ಕೂತಿದೆ. ಸತ್ತಿದ್ರೆ ಅದನ್ನ ಹೊತ್ಕೊಂಡು ಬರ್ಬೇಡಿ, ಆ ಮಾಡೆಲ್‌ಗೆ ಈಗ ಹೊಸ ಲೇಸರ್ ಎಲ್ಲೂ ಸಿಗಲ್ಲ. ಮೊದ್ಲು ಯಾರ ಹತ್ರಾನಾದ್ರೂ ನೋಡ್ಸಿ. ಆನ್ ಮಾಡಿ, ಲೆನ್ಸ್ ಆಡೋವಾಗ ಒಳಗೆ ಒಂದು ಚುಕ್ಕೆ ಹೊತ್ಕೊಳ್ಳುತ್ತೆ. ಬರಿಗಣ್ಣಿಗೆ ಅದು ಕಂಡೂ ಕಾಣದ ಹಾಗೆ, ಮಂಕು ಕೆಂಪು. ಮೊಬೈಲ್ ಕ್ಯಾಮೆರಾ ಹಿಡಿದ್ರೆ ನೇರಳೆ ಬಣ್ಣದಲ್ಲಿ ಚೆನ್ನಾಗಿ ಕಾಣುತ್ತೆ. ಆದ್ರೆ ಲೆನ್ಸಿಗೆ ನೇರವಾಗಿ ಕಣ್ಣಿಡಬಾರ್ದು. ಕಣ್ಣಿಗೆ ಅಪಾಯ.”

“ನನ್ನ ಕಣ್ಣಿಗೂನಾ?”

“ನಿಮ್ಮ ಕಣ್ಣಿಗೆ ಅದೇನು ಮಾಡೀತು, ನಿಮ್ಮನ್ನ ನೋಡಿ ಅದೇ ನಾಚ್ಕೋಬೇಕು,” ಎಂದು ನಕ್ಕ.

ಎಲ್ಲವನ್ನೂ ಕಿವಿಯಲ್ಲಿ, ಬೆರಳಲ್ಲಿ ಪತ್ತೆ ಹಚ್ಚಿದವನಿಗೆ ಕೊನೆಗೆ ಇನ್ನೊಬ್ಬರ ಕಣ್ಣು ಬೇಕಾಗಿತ್ತು. ಕೇಳಬಹುದಾದವರು ಒಬ್ಬರೇ, ಮೇಲಿನ ಮನೆಯ ಟೈಲರಮ್ಮ.

ಟೈಲರಮ್ಮ ನನ್ನ ತಲೆಯ ಮೇಲೆಯೇ ಹದಿನಾಲ್ಕು ವರ್ಷದಿಂದ ಹೊಲಿಗೆ ಯಂತ್ರ ತುಳಿಯುತ್ತಿದ್ದಾರೆ. ನನ್ನ ಹಾಗೆಯೇ ಒಂಟಿ ಜೀವ. ನನ್ನ ಕರೆಂಟ್ ಬಿಲ್ಲು, ಪೆನ್ಷನ್ ಆಫೀಸಿನ ಕಾಗದ ಎಲ್ಲ ಓದಿ ಹೇಳುತ್ತಿದ್ದವರು ಅವರೇ. ಬದಲಿಗೆ ಅವರ ನಲ್ಲಿಯಲ್ಲಿ ನೀರು ಬರದಿದ್ದರೆ ಕಚೇರಿಗೆ ಫೋನು ಮಾಡಿ ಗದರಿಸುವುದು ನನ್ನ ಕೆಲಸ. ಗದರಿಸುವುದರಲ್ಲಿ ನನ್ನದು ಎತ್ತಿದ ಕೈ. ಸಂಜೆ ಮೆಟ್ಟಿಲ ಬುಡದಲ್ಲಿ ಒಂದು ಹತ್ತು ನಿಮಿಷ ನಿಂತು ಮಾತಾಡುತ್ತಿದ್ದೆವು. “ಆಪರೇಟರ್ ಸಾಹೇಬ್ರೇ, ಇವತ್ತು ಯಾರ ಗ್ರಹಚಾರ ಬಿಡಿಸಿದ್ರಿ?” ಎಂದು ಕೇಳುತ್ತಿದ್ದರು. ನನ್ನ ಇಡೀ ದಿನದಲ್ಲಿ ಎದುರಿಗೆ ನಿಂತು ಉತ್ತರ ಕೊಡುವ ದನಿ ಅದೊಂದೇ.

ಆದರೆ ಅದಕ್ಕೆ ಎರಡು ತಿಂಗಳ ಹಿಂದಿನಿಂದ ಅವರು ಮೊದಲಿನಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. “ಕೆಲಸ ಇದೆ ಸಾಹೇಬ್ರೇ” ಎಂದು ಹತ್ತಿಹೋಗಿಬಿಡುತ್ತಿದ್ದರು. ಬಿಲ್ಲು ಕೊಟ್ಟರೆ “ನಾಳೆ ಓದ್ತೀನಿ.” ಒಂದು ದಿನ “ಮಧ್ಯಾಹ್ನ ಸ್ವಲ್ಪ ಸೌಂಡ್ ಕಮ್ಮಿ ಇಟ್ಕೊಳ್ತೀರಾ, ತಲೆ ನೋಯುತ್ತೆ” ಎಂದೂ ಹೇಳಿದ್ದರು. ಕಮ್ಮಿ ಮಾಡಿದೆ. ಮನಸ್ಸಿನಲ್ಲಿ ಮಾತ್ರ ಅದನ್ನು ಗಂಟು ಕಟ್ಟಿ ಇಟ್ಟುಕೊಂಡಿದ್ದೆ.

ಅಷ್ಟಾದರೂ ಕರೆದದ್ದಕ್ಕೆ ಬಂದರು. ಪ್ಲೇಯರನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೆ. ಎಲ್ಲ ವಿವರಿಸಿದೆ, ನೇರವಾಗಿ ನೋಡಬೇಡಿ ಎಂದು ಎರಡು ಸಲ ಹೇಳಿದೆ. ಅವರು ಮೊಬೈಲ್ ಹಿಡಿದರು, ನಾನು ಗುಂಡಿ ಒತ್ತಿದೆ. ಟಿಕ್, ಟಿಕ್, ಟಿಕ್.

“ಏನಾದ್ರೂ ಕಾಣ್ತಾ?”

“ಇನ್ನೊಂದ್ಸಲ ಹಾಕಿ.”

ಮತ್ತೆ ಒತ್ತಿದೆ. ಸ್ಟೂಲು ಮುಂದಕ್ಕೆ ಎಳೆದುಕೊಂಡ ಸದ್ದಾಯಿತು. ಮೂರನೆಯ ಸಲ ಒತ್ತುವಾಗ ಅವರ ಉಸಿರು ಯಂತ್ರದ ಹತ್ತಿರವೇ ಇತ್ತು, ಕನ್ನಡಕವೋ ಏನೋ ತಗಡಿಗೆ ಟಿಣ್ಣೆಂದು ತಗಲಿತು. ನಾಲ್ಕನೆಯ ಸಲವೂ ಒತ್ತಿಸಿದರು. ಒಂದು ಚುಕ್ಕೆ ನೋಡುವುದಕ್ಕೆ ಇಷ್ಟು ನಾಟಕವೇ ಎನ್ನಿಸಿತು.

ಕೊನೆಗೆ ತಡವರಿಸಿ, “ಬೆಳಕು ಬರ್ತಿಲ್ಲ ಸಾಹೇಬ್ರೇ. ಅದು ಹೋಗಿದೆ,” ಎಂದರು.

ಸುಳ್ಳು. ಮೂವತ್ತೊಂದು ವರ್ಷ ಕೇಳಿದ ಕಿವಿ ಥಟ್ಟನೆ ಹಿಡಿಯಿತು. ಮೈಯೆಲ್ಲ ಉರಿದುಹೋಯಿತು ನನಗೆ.

“ಟೈಲರಮ್ಮ, ನಾನು ಕುರುಡ, ಕಿವುಡ ಅಲ್ಲ. ಸುಳ್ಳು ಹೇಳ್ತಿದೀರಿ.”

“ಅಯ್ಯೋ, ನಾನ್ಯಾಕೆ...”

“ಯಾಕಂದ್ರೆ ಇದು ಹಾಳಾದ್ರೆ ನಿಮಗೆ ನೆಮ್ಮದಿ. ಮಧ್ಯಾಹ್ನ ಹಾಯಾಗಿ ನಿದ್ದೆ. ನಾನು ಇದನ್ನ ತಿಪ್ಪೆಗೆ ಎಸೀಲಿ ಅಂತ ತಾನೆ? ಕಾಣದೇ ಇರೋನಿಗೆ ಏನು ಹೇಳಿದ್ರೂ ನಡೆಯುತ್ತೆ ಅಂದ್ಕೊಂಡ್ರಾ?”

ಅವರು ಸ್ಟೂಲನ್ನು ಇದ್ದ ಜಾಗಕ್ಕೆ ಸರಿಸಿ ಎದ್ದು ಹೋದರು. ನಿಧಾನವಾಗಿ ಮೆಟ್ಟಿಲು ಹತ್ತಿದರು. ತಪ್ಪಿತಸ್ಥರು ಹೀಗೇ ನಡೆಯುತ್ತಾರೆ ಎಂದುಕೊಂಡೆ.

ಮೂರನೆಯ ದಿನ ಪ್ಲೇಯರನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಹಟಕ್ಕೆ ಹೋದದ್ದು. ಅಂಗಡಿಯವನು ಗಲ್ಲಾದ ಹಿಂದೆ ಕೂರಿಸಿಕೊಂಡು ಬಿಚ್ಚಿದ. ಐದು ನಿಮಿಷವೂ ಆಗಲಿಲ್ಲ.

“ಯಾರ್ರೀ ಲೇಸರ್ ಹೋಗಿದೆ ಅಂದೋರು? ಮೊಬೈಲ್ ಹಿಡಿದ್ರೆ ಚುಕ್ಕೆ ನಿಗಿನಿಗಿ ಅಂತಿದೆ. ನೀವು ಲೆನ್ಸಿನ ಮೇಲೆ ಒರೆಸಿದ್ರಿ, ಕೆಳಗೊಂದು ಸಣ್ಣ ಕನ್ನಡಿ ಇದೆ, ಅದರ ಮೇಲೆ ಧೂಳು ಗಟ್ಟಿಯಾಗಿ ಕೂತಿದೆ. ಬೆಳಕು ಹುಟ್ತಾ ಇದೆ, ವಾಪಸ್ ಬರ್ತಿಲ್ಲ.”

ಲೆನ್ಸನ್ನು ಬಿಚ್ಚಿ, ಕೆಳಗೆ ಒರೆಸಿ, ಮತ್ತೆ ಜೋಡಿಸಿದ. ಎರಡನೆಯ ಟಿಕ್ಕಿಗೆ ಡಿಸ್ಕ್ ಸುಯ್ಯೆಂದಿತು. ಜೇನು ಸಾಕಣೆಯ ಪುಸ್ತಕ ಓದುವ ಹೆಂಗಸಿನ ದನಿ ಅಂಗಡಿಯನ್ನೆಲ್ಲ ತುಂಬಿಕೊಂಡಿತು. ಅದರ ಹಿಂದೆಯೇ ಗೆದ್ದೆ ಎನ್ನುವ ಹಿಗ್ಗು ಬಂತು. ಈ ಕಿವಿ ಸುಳ್ಳಾಗಿರಲಿಲ್ಲ.

ಮನೆಗೆ ಬಂದವನು ಒಳಗೂ ಹೋಗಲಿಲ್ಲ. ಚೀಲ ಹಿಡಿದೇ ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಕೂಗಿದೆ: “ಟೈಲರಮ್ಮ, ಕೇಳಿಸ್ಕೊಳ್ಳಿ! ಲೇಸರ್‌ಗೆ ಏನೂ ಆಗಿರ್ಲಿಲ್ಲ! ಬೆಳಕು ಚೆನ್ನಾಗೇ ಇತ್ತು! ಕಣ್ಣಿದ್ದ ಯಾರಿಗಾದ್ರೂ ಕಾಣ್ತಿತ್ತು!”

ಮೇಲೆ ಹೊಲಿಗೆ ಯಂತ್ರ ನಿಂತಿತು. ಬಾಗಿಲು ತೆರೆಯಲಿಲ್ಲ. ನಾನು ಒಳಗೆ ಬಂದು ಜೇನು ಸಾಕಣೆಯನ್ನು ಆದಷ್ಟು ಜೋರಾಗಿ ಹಚ್ಚಿದೆ. ಯಾರೂ ನೆಲ ಕುಟ್ಟಲಿಲ್ಲ, ಸೌಂಡ್ ಕಮ್ಮಿ ಮಾಡಿ ಎನ್ನಲಿಲ್ಲ. ಒಂದು ವಾರ ಹಾಗೆ ಹಚ್ಚಿದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಎನ್ನುತ್ತಾರೆ. ನಾನು ಕೊಯ್ದುಕೊಂಡದ್ದು ಸಂಜೆಯ ಆ ಹತ್ತು ನಿಮಿಷದಲ್ಲಿ ಉಳಿದಿದ್ದ ಒಂದೆರಡು ಮಾತನ್ನು. ಐದು ಗಂಟೆಯಾದರೆ ಕಾಲು ತಾನಾಗಿ ಬಾಗಿಲಿಗೆ ಹೋಗುತ್ತಿತ್ತು, ಅಲ್ಲಿಂದ ವಾಪಸ್ಸು ಬರುತ್ತಿತ್ತು. ಪ್ಲೇಯರ್ ಮಾತಾಡುತ್ತಲೇ ಇತ್ತು. ನಾನು ಅದಕ್ಕೆ ಏನೂ ಹೇಳುವಂತಿರಲಿಲ್ಲ.

ಎಂಟನೆಯ ದಿನ, ನಡುಹಗಲು. ಮೆಟ್ಟಿಲ ಕಿಟಕಿಯ ಬಿಸಿಲು ನನ್ನ ಬಾಗಿಲಿನವರೆಗೂ ಬಂದಿತ್ತು, ಪಾದಕ್ಕೆ ಬೆಚ್ಚಗೆ ತಗಲುತ್ತಿತ್ತು. ಪೋಸ್ಟ್‌ಮ್ಯಾನ್ ಬರುವ ಹೊತ್ತೆಂದು ಸಿ.ಡಿ.ಯ ಲಕೋಟೆ ಹಿಡಿದು ಹೊಸ್ತಿಲಾಚೆ ನಿಂತಿದ್ದೆ. ಮೇಲಿನ ಬಾಗಿಲು ತೆರೆಯಿತು. ಟೈಲರಮ್ಮ ಇಳಿಯತೊಡಗಿದರು. ಒಳಗೆ ಹೋಗಿಬಿಡೋಣವೆಂದುಕೊಂಡೆ, ಆದರೆ ಆ ಸದ್ದು ನನ್ನನ್ನು ಹಿಡಿದು ನಿಲ್ಲಿಸಿತು.

ಅಂಗೈ ಗೋಡೆಯ ಸುಣ್ಣವನ್ನು ಸವರಿಕೊಂಡು ಬರುತ್ತಿತ್ತು. ಚಪ್ಪಲಿಯ ತುದಿ ಪ್ರತಿ ಮೆಟ್ಟಿಲ ಅಂಚನ್ನು ಮೊದಲು ಮುಟ್ಟಿ ನೋಡಿ, ಆಮೇಲೆ ಇಳಿಯುತ್ತಿತ್ತು. ತುಟಿಯೊಳಗೆ ಎಣಿಕೆ: ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳು. ಕಣ್ಣು ಕಾಣುವವರು ಹಾಡುಹಗಲಲ್ಲಿ ಮೆಟ್ಟಿಲು ಎಣಿಸುವುದಿಲ್ಲ. ಅದು ನನ್ನದೇ ಸದ್ದು. ಹುಟ್ಟಿದಾಗಿನಿಂದ ನಾನು ಮಾಡುತ್ತಾ ಬಂದ ಸದ್ದನ್ನು ಮೊದಲ ಬಾರಿಗೆ ಹೊರಗೆ ನಿಂತು ಕೇಳಿದೆ.

ಕೊನೆಯ ಮೆಟ್ಟಿಲು ಇಳಿದು ಅವರು ನನ್ನ ಮುಂದೆಯೇ ಹಾದುಹೋದರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮಾತಾಡಿಸಲಿಲ್ಲ. ಅದು ಸಿಟ್ಟಲ್ಲ, ಸಿಟ್ಟಿದ್ದವರು ಪಕ್ಕದಲ್ಲಿ ಹಾಯುವಾಗ ಹೆಜ್ಜೆ ಬಿರುಸಾಗುತ್ತದೆ. ನಾನು ಅಲ್ಲಿ ನಿಂತಿರುವುದೇ ಅವರಿಗೆ ಗೊತ್ತಾಗಿರಲಿಲ್ಲ.

ಆಗ ಎಲ್ಲ ಒಂದೊಂದಾಗಿ ನೆನಪಾಯಿತು. ನಾಳೆ ಓದುತ್ತೇನೆ ಎಂದು ಇಟ್ಟುಕೊಂಡ ಬಿಲ್ಲುಗಳು. ತಲೆನೋವು. ತಗಡಿಗೆ ತಗಲಿದ ಕನ್ನಡಕ. ಮೇಲಿನ ಹೊಲಿಗೆ ಯಂತ್ರ ಕೂಡ ಈಚೆಗೆ ಎರಡು ಗೇಣು ಓಡಿ ನಿಂತುಬಿಡುತ್ತಿತ್ತು, ಆಮೇಲೆ ಬಹಳ ಹೊತ್ತು ಏನೂ ಕೇಳುತ್ತಿರಲಿಲ್ಲ. ಕಣ್ಣಿನಿಂದ ಅನ್ನ ತಿನ್ನುವವರು, ಗಿರಾಕಿಗಳಿಗೆ ತಿಳಿದರೆ ಬಟ್ಟೆ ಕೊಡುವವರಾರು? ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರೆ. ನನ್ನ ಕಿವಿಗೇ ಕಾಮಾಲೆ ಬಂದಿತ್ತು. ಸುಳ್ಳನ್ನು ಸರಿಯಾಗಿಯೇ ಹಿಡಿದಿದ್ದೆ, ಅದರ ಹಿಂದಿದ್ದ ಭಯ ಮಾತ್ರ ಕೇಳಿಸಿರಲಿಲ್ಲ.

ಸಂಜೆ ಅವರು ವಾಪಸ್ಸು ಬಂದ ಮೇಲೆ ಮೇಲಕ್ಕೆ ಹತ್ತಿಹೋದೆ. ಬಾಗಿಲು ತೆರೆದೇ ಇತ್ತು. ಯಂತ್ರದ ಎಣ್ಣೆ, ಹೊಸ ಬಟ್ಟೆಯ ಗಂಜಿ ವಾಸನೆ.

“ಬನ್ನಿ ಸಾಹೇಬ್ರೇ. ಅಲ್ಲೇ ನಿಂತ್ಕೊಳ್ಳಿ, ನೆಲದ ಮೇಲೆ ಬಟ್ಟೆ ಹರಡಿದೀನಿ.”

“ಅವತ್ತು ಹಾಗೆ ಅನ್ನಬಾರದಿತ್ತು ನಾನು.”

“ಸುಳ್ಳು ಹೇಳಿದ್ದು ನಾನೇ ಅಲ್ವಾ.”

“ನನಗೆ ಇವತ್ತು ಗೊತ್ತಾಯ್ತು. ಮಧ್ಯಾಹ್ನ ನೀವು ಇಳಿಯೋವಾಗ ನಾನು ಬಾಗಿಲಲ್ಲೇ ನಿಂತಿದ್ದೆ.”

ಅವರು ಕತ್ತರಿಯನ್ನು ಮೇಜಿನ ಮೇಲಿಟ್ಟ ಸದ್ದಾಯಿತು.

“ನನಗೆ ಕಾಣಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ,” ಎಂದರು. “ಬೆಳಕೇ ಬರ್ತಿಲ್ಲ ಅನ್ನೋದು ಸುಲಭ ಆಯ್ತು. ಮೊಬೈಲಲ್ಲಿ ಎಲ್ಲ ಮಂಜು ಮಂಜು. ಅದಕ್ಕೆ ನೇರವಾಗೇ ಬಗ್ಗಿ ನೋಡಿದೆ. ನೀವು ಬೇಡ ಅಂದಿದ್ರಿ. ಹೋಗ್ತಿರೋ ಕಣ್ಣು ತಾನೆ, ಹೋದ್ರೆ ಹೋಗ್ಲಿ ಅಂತ ನೋಡಿದೆ. ಏನೂ ಕಾಣಲಿಲ್ಲ. ಮನೆಗೆ ಬಂದು ಕೂತು ಯೋಚ್ನೆ ಮಾಡ್ದೆ. ಆ ಲೇಸರ್ ನಿಜವಾಗ್ಲೂ ಸತ್ತಿರಬಹುದಲ್ಲ? ಹಾಗಿದ್ರೆ ನನ್ನ ಕಣ್ಣಿನದೇನೂ ತಪ್ಪಿಲ್ಲ, ಬರೀ ಕನ್ನಡಕದ ನಂಬರ್ ಹೆಚ್ಚಾಗಿರಬೇಕು. ಮೂರು ದಿನ ಹಾಗಂತ ನಂಬ್ಕೊಂಡು ಆರಾಮಾಗಿದ್ದೆ ಸಾಹೇಬ್ರೇ. ಅದು ಸತ್ತಿರ್ಲಿ ಅಂತ ಬೇಡ್ಕೊಂಡೆ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ನೀವು ಬಂದು ಕೂಗಿದ್ರಿ.”

ಆಸ್ಪತ್ರೆಯಲ್ಲಿ ಎಷ್ಟೋ ಮನೆಗಳಿಗೆ ಕೆಟ್ಟ ಸುದ್ದಿಯ ಕರೆ ಜೋಡಿಸಿಕೊಟ್ಟಿದ್ದೇನೆ. ಸುದ್ದಿಯನ್ನು ಬಾಯಿ ಬಿಟ್ಟು ಹೇಳುವ ಕೆಲಸ ನನ್ನದಾಗಿರಲಿಲ್ಲ. ಹೇಳಿದ್ದು ಇದೊಂದೇ ಸಲ, ಅದೂ ಮೆಟ್ಟಿಲ ಬುಡದಲ್ಲಿ ನಿಂತು, ಗೆದ್ದವನ ಹಾಗೆ.

“ಬರಿಗಣ್ಣಿಗೆ ಆ ಬೆಳಕು ಯಾರಿಗೂ ಸರಿಯಾಗಿ ಕಾಣಲ್ಲವಂತೆ,” ಎಂದೆ.

“ಮೊಬೈಲಲ್ಲಿ ಕಾಣುತ್ತೆ ಅಂತ ನೀವೇ ಹೇಳಿದ್ರಿ.”

“ಆಸ್ಪತ್ರೆಗೆ ಹೋಗೋಣ. ಕಣ್ಣಿನ ವಿಭಾಗದೋರೆಲ್ಲ ನನಗೆ ಗೊತ್ತು. ಏನೂ ಆಗಲ್ಲ. ಆದ್ರೂ ಏನಂತೆ? ನಾನಿದೀನಿ. ಮೆಟ್ಟಿಲು ಎಣಿಸೋದು ನೀವಾಗ್ಲೇ ಕಲ್ತಿದೀರಿ, ಉಳಿದಿದ್ದೆಲ್ಲ ನಾನು ಹೇಳ್ಕೊಡ್ತೀನಿ. ಒಲೆ ಹಚ್ಚೋದು, ರಸ್ತೆ ದಾಟೋದು, ಬ್ರೈಲ್ ಕೂಡ ಆರು ತಿಂಗಳಿಗೆ ಬಂದ್ಬಿಡುತ್ತೆ. ಗ್ರಂಥಾಲಯಕ್ಕೆ ನಿಮ್ಮ ಹೆಸ್ರೂ ಬರೆಸೋಣ. ಸಂಜೆ ಕೆಳಗೆ ಬನ್ನಿ, ಇಬ್ಬರೂ ಕೂತು ಕೇಳಬಹುದು. ಒಬ್ಬನೇ ಕೇಳಿ ಕೇಳಿ ಸಾಕಾಗಿದೆ ನನಗೆ, ಒಂದು ಪುಸ್ತಕ ಮುಗಿದ್ರೆ ಅದರ ಬಗ್ಗೆ ಮಾತಾಡೋಕೆ...”

ಮಾತು ನಿಲ್ಲುತ್ತಲೇ ಇರಲಿಲ್ಲ. ಕ್ಷಮೆ ಕೇಳಲು ಬಂದವನು ಎನ್ನುವುದೇ ಮರೆತುಹೋಗಿತ್ತು.

“ಸಾಹೇಬ್ರೇ,” ಎಂದರು ಟೈಲರಮ್ಮ ಮೆಲ್ಲಗೆ. “ನಿಮಗೆ ಸಂತೋಷ ಆಗಿದೆ.”

“ಏನು?”

“ನಿಮ್ಮ ದನೀಲೇ ಗೊತ್ತಾಗುತ್ತೆ. ನನ್ನ ಕಣ್ಣು ಹೋಗ್ತಿರೋದಕ್ಕೆ ನಿಮಗೆ ಸಂತೋಷ ಆಗಿದೆ.”

ಅವರು ಹೇಳಿದ್ದು ನಿಜವಾಗಿತ್ತು. ಮಧ್ಯಾಹ್ನ ಅವರ ಅಂಗೈ ಗೋಡೆ ಸವರಿದ ಸದ್ದು ಕೇಳಿದಾಗ ನನಗೆ ಮೊದಲು ನಾಚಿಕೆಯಾಗಿತ್ತು, ಆಮೇಲೆ ಮರುಕ. ಆ ಎರಡರ ಕೆಳಗೆ, ಛೀ ಎಂದರೂ ಹೋಗದ ಹಾಗೆ, ಒಂದು ಹಿಗ್ಗು ಕೂತಿತ್ತು: ಇನ್ನು ನಾನೊಬ್ಬನೇ ಅಲ್ಲ.

“ನಿಮ್ಮ ಮೇಲೆ ಸಿಟ್ಟಿಲ್ಲ,” ಎಂದರು. ದನಿಯಲ್ಲಿ ನಿಜವಾಗಿಯೂ ಸಿಟ್ಟಿರಲಿಲ್ಲ. “ಆದ್ರೆ ನಾನೂ ನೀವೂ ಒಂದೇ ಅಂತ ಅಂದ್ಕೋಬೇಡಿ. ನೀವು ಹುಟ್ಟಿದಾಗಿಂದ ಹೀಗೇ, ನಿಮ್ಮಿಂದ ಯಾರೂ ಏನೂ ಕಿತ್ಕೊಂಡಿಲ್ಲ. ನನಗೆ ಐವತ್ತೆಂಟು ವರ್ಷ ಕಂಡಿದ್ದು ದಿನಾ ಸ್ವಲ್ಪ ಸ್ವಲ್ಪ ಹೋಗ್ತಾ ಇದೆ. ನಿನ್ನೆ ನೀಲಿ ದಾರಕ್ಕೂ ಕರಿ ದಾರಕ್ಕೂ ವ್ಯತ್ಯಾಸ ಸಿಗಲಿಲ್ಲ. ಅದು ಎಂಥದ್ದು ಅಂತ ನಿಮಗೆ ಹೇಳಿದ್ರೂ ಗೊತ್ತಾಗಲ್ಲ.”

“ಆಸ್ಪತ್ರೆಗಾದ್ರೂ...”

“ಅಕ್ಕನ ಮಗಳು ಬರ್ತಾಳೆ. ಅವಳ ಜೊತೆ ಹೋಗ್ತೀನಿ. ಈಗ ನೀವು ಹೊರಡಿ ಸಾಹೇಬ್ರೇ. ಹುಷಾರು, ಬಾಗಿಲ ಹತ್ರ ಬುಟ್ಟಿ ಇದೆ.”

ಬುಟ್ಟಿ ದಾಟಿ ಹೊರಗೆ ಬಂದೆ. ಹಿಂದೆ ಅವರು ಬಾಗಿಲನ್ನು ಮುಂದೆ ಮಾಡಿದರು, ಚಿಲಕವನ್ನು ಹುಡುಕಿ ಹಾಕಿಕೊಂಡರು. ನನಗೆ ಯಾರಾದರೂ ಬೇಕಿತ್ತು. ಅದನ್ನು ಆರು ವರ್ಷದಲ್ಲಿ ಒಮ್ಮೆಯೂ ಯಾರ ಮುಂದೆಯೂ ಹೇಳಿರಲಿಲ್ಲ, ನನಗೆ ನಾನೇ ಹೇಳಿಕೊಂಡಿರಲಿಲ್ಲ. ಹೇಳಿದ ದಿನ ಅದನ್ನು ಕೇಳಬಾರದವರ ಹತ್ತಿರ, ಕೇಳಬಾರದ ಹೊತ್ತಿನಲ್ಲಿ ಕೇಳಿದ್ದೆ.